ಸಜೀವದ ಡಬ್ಬಿ, ನಿರ್ಜೀವದ ಡಬ್ಬಿ

ವ್ಯಾಕರಣ ಮೇಷ್ಟ್ರಿಗೆ ಇದ್ದದ್ದು ಒಂದೇ ಕೊರಗು. ಪಠ್ಯಪುಸ್ತಕದಲ್ಲಿ ತಮ್ಮ ಹೆಸರಿನ ಒಂದು ಪಾಠವಾದರೂ ಅಚ್ಚಾಗಲಿಲ್ಲವಲ್ಲ! ನಿವೃತ್ತಿಗೆ ಆರು ತಿಂಗಳಿರುವಾಗ ಯೋಗ ಕೂಡಿಬಂತು. ಜೀವವಿರುವುದನ್ನೂ ಇಲ್ಲದ್ದನ್ನೂ ಭಾಷೆ ಹೇಗೆ ಬೇರೆಬೇರೆ ಮಾಡುತ್ತದೆ ಎಂಬ ಪಾಠ. ಅದನ್ನು ನೋಡಲು ಪಠ್ಯ ಸಮಿತಿಯ ಅಧ್ಯಕ್ಷೆ ಖುದ್ದಾಗಿ ಮನೆಗೇ ಬರುವವರಿದ್ದರು.

ಮೇಷ್ಟ್ರು ಉದಾಹರಣೆಗಳಿಗಾಗಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಹೆಂಡತಿಯ ಮಾತುಗಳನ್ನು ಗೀಚಿಕೊಳ್ಳತೊಡಗಿದರು. ಎರಡೇ ದಿನಕ್ಕೆ ಸಿಕ್ಕಿಬಿದ್ದರು.

"ಕದ್ದು ಕೇಳೋ ಕರ್ಮ ಯಾಕ್ರೀ? ನಾನಾಡಿದ್ದನ್ನ ನಾನೇ ಬರೆದುಕೊಡ್ತೀನಿ, ಚೀಟಿ ಕೊಡಿ ಇಲ್ಲಿ."

"ಮಾತು ಚೀಟಿಯ ಮುಂಬದಿಗೆ ಬರಿ, ಯಾವುದರ ಬಗ್ಗೆ ಅನ್ನೋದನ್ನ ಹಿಂಬದಿಗೆ ಬರಿ. ಹಿಂದಿನದನ್ನ ನಾನು ನೋಡಲ್ಲ. ಶಾಸ್ತ್ರಕ್ಕೆ ಪಕ್ಷಪಾತ ಇರಬಾರದು!" (ಶಾಸ್ತ್ರ ಎನ್ನುವಾಗ ಮೇಷ್ಟ್ರು ಯಾವಾಗಲೂ ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು.)

ಅಧ್ಯಕ್ಷೆ ಬಂದರು. ಮೇಜಿನ ಮೇಲೆ ಎರಡು ಖಾಲಿ ಬಿಸ್ಕತ್ತಿನ ಡಬ್ಬಿ. ಮೇಷ್ಟ್ರು ಮೊದಲ ಚೀಟಿಯನ್ನು ರಾಜಗಾಂಭೀರ್ಯದಿಂದ ಓದಿದರು: "ಬೆಳಿಗ್ಗೆಯಿಂದ ಮುನಿಸಿಕೊಂಡಿದ್ದಾನೆ. ಪುಸಲಾಯಿಸಿದ್ರೆ ಕೆಲಸ ಮಾಡ್ತಾನೆ." ಸಜೀವ! ಚೀಟಿ ಮೊದಲ ಡಬ್ಬಿಗೆ ಬಿತ್ತು.

"ಇವಳೊಬ್ಬಳಿಲ್ದೇ ಇದ್ರೆ ನನ್ನ ಕಷ್ಟ ಕೇಳೋರು ಯಾರು?" ಅದೂ ಸಜೀವ.

"ಅದನ್ನ ಅಲ್ಲಾಡಿಸಬೇಡ, ಸುತ್ತ ಗುಡಿಸು ಸಾಕು. ಉಪಯೋಗಕ್ಕೆ ಬರಲ್ಲ, ಬಿಸಾಕೋಕೆ ಮನಸ್ಸೂ ಬರಲ್ಲ."

"ನಿರ್ಜೀವ!" ಮೇಷ್ಟ್ರು ಗುಡುಗಿ ಚೀಟಿಯನ್ನು ಎರಡನೆಯ ಡಬ್ಬಿಗೆ ಹಾಕಿದರು. "ಸಂಶಯವೇ ಬೇಡ ಮೇಡಂ. ಯಾವುದೋ ಮುರುಕು ಕುರ್ಚಿ."

ಅಧ್ಯಕ್ಷೆ ಡಬ್ಬಿಗಳಿಂದ ಚೀಟಿಗಳನ್ನು ತೆಗೆದು ಮಗುಚಿದರು. ಮುನಿಸಿಕೊಂಡವನು ವಾಷಿಂಗ್ ಮೆಷಿನ್. ಕಷ್ಟ ಕೇಳುವವಳು ಹೊಲಿಗೆ ಯಂತ್ರ. ಮೂರನೆಯದರ ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ನಮ್ಮ ಯಜಮಾನರು.

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಪಾಠವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡರು.

"ಇದು... ಇದು ಅಶುದ್ಧ ಪ್ರಯೋಗ!"

"ಅಶುದ್ಧವೋ ಶುದ್ಧವೋ, ಡಬ್ಬಿಗೆ ಹಾಕಿದೋರು ನೀವೇ ತಾನೆ?" ಎಂದರು ಹೆಂಡತಿ.

ಅಧ್ಯಕ್ಷೆ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು. "ಇಷ್ಟು ಸೊಗಸಾದ ಪಾಠ ನಾನು ನೋಡೇ ಇಲ್ಲ. ಹಾಗೇ ಅಚ್ಚು ಹಾಕಿಸ್ತೀನಿ. ಅಮ್ಮಾ, ನಿಮ್ಮ ಪೂರ್ತಿ ಹೆಸರು ಬರೆದುಕೊಡಿ."

"ಮತ್ತೆ ನಾನು?" ಮೇಷ್ಟ್ರ ದನಿ ಕೀರಲಾಯಿತು.

"ನೀವಿಲ್ಲದೆ ಆಗುತ್ತಾ ಮೇಷ್ಟ್ರೇ? ಚಿತ್ರ ನಿಮ್ಮದೇ."

ಮರುವಾರ ಚಿತ್ರಕಾರ ಬಂದು ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿದ. "ಒಂದು ಗಂಟೆ ಮಿಸುಕಾಡದೆ ಕೂರಬೇಕು ಸಾರ್. ಆಗುತ್ತಾ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು: "ಗಂಟೆ ಯಾಕಪ್ಪಾ, ಸಂಜೆವರೆಗೂ ನಿಧಾನವಾಗಿ ಬರಿ. ಅವರಿಗೆ ಬೇಕಾದಷ್ಟು ಅಭ್ಯಾಸ ಇದೆ!"