ಏಳು ನಿಮಿಷದ ಖರ್ಜೂರ

ಲೋಕದಲ್ಲಿ ಗಡಿಯಾರ ನೋಡುವವರು, ನೋಡದವರು ಎಂದು ಎರಡು ಬಗೆ. ನಾನು ಮೂರನೆಯ ಬಗೆ: ನೋಡಿ ಬರೆದಿಡುವವನು. ಹಲ್ಲುಜ್ಜುವ ಪೇಸ್ಟು ಒಡೆದ ತಾರೀಖು ಯಾವುದು, ಕ್ಷೌರ ಮಾಡಿಸಿಕೊಂಡು ಎಷ್ಟು ವಾರವಾಯಿತು, ಬೆಳಗಿನ ಕಾಫಿ ಎಷ್ಟು ಹೊತ್ತಿಗೆ ಆಯಿತು, ಎಲ್ಲವೂ ನನ್ನ ಡೈರಿಯಲ್ಲಿದೆ. ಯಾರಿಗೆ ಬೇಕು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಈ ಚಟಕ್ಕೆ ಸಂಬಳ ಕೊಡುವವರು ಸಿಕ್ಕಿದ್ದು ದುಬೈಯಲ್ಲಿ. ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ನಾನು ಟೈಮ್‌ಕೀಪರ್. ಕಂಪನಿ ಬಸ್ಸಿನಿಂದ ಇಳಿದವರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆಯುವುದೇ ಕೆಲಸ. ನಂಜನಗೂಡಿನಲ್ಲಿ ನಮ್ಮಪ್ಪ ಮಾತ್ರ "ಮಗ ದುಬೈಯಲ್ಲಿ ವಾಚ್ ಕಂಪನಿಯಲ್ಲಿದಾನೆ" ಎಂದು ಹೇಳಿಕೊಂಡು ತಿರುಗುತ್ತಾರೆ. ಕಳೆದ ಸಲ ರಜೆಗೆ ಹೋದಾಗ ಪಕ್ಕದ ಮನೆಯವರು ಗೋಡೆ ಗಡಿಯಾರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು, "ಸ್ವಲ್ಪ ನೋಡಪ್ಪ, ನಿಂತುಬಿಟ್ಟಿದೆ" ಎಂದರು. ನೋಡಿದೆ. ಎಷ್ಟು ಗಂಟೆಗೆ ನಿಂತಿದೆ ಎಂದು ಹೇಳಿ ಕಳಿಸಿದೆ.

ಇಂಥ ನನ್ನ ಮೇಲೆ ಪೂರ್ತಿ ಭರವಸೆ ಇಟ್ಟವನು ಒಬ್ಬನೇ, ಹನೀಫ್. ದುಬೈಯ ದೇರಾದಲ್ಲಿ ನಾವಿಬ್ಬರೂ ಒಂದೇ ಫ್ಲ್ಯಾಟಿನ ಒಂದೇ ಕೋಣೆಯವರು. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ, ಮಸಾಲೆ ಸಾಮಾನಿನ ಹೋಲ್‌ಸೇಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ಹತ್ತಿರ ಬಂದರೆ ಏಲಕ್ಕಿ ವಾಸನೆ. ಆ ವರ್ಷ ರಂಜಾನ್ ಜೂನಿನಲ್ಲಿ ಬಂದಿತ್ತು. ಹಿಂದಿನ ವರ್ಷ ಟೈಫಾಯ್ಡ್ ಬಂದು ಅವನ ಅರ್ಧ ತಿಂಗಳ ಉಪವಾಸ ತಪ್ಪಿಹೋಗಿತ್ತು. ಈ ಸಲ ಒಂದೂ ತಪ್ಪಬಾರದು ಎಂದು ಅವನಿಗಿಂತ ಹೆಚ್ಚಾಗಿ ಊರಿನಲ್ಲಿ ಅವನ ತಾಯಿ, ಉಮ್ಮ, ಹಟ ಹಿಡಿದಿದ್ದರು. ದಿನಾ ಫೋನು. ಕ್ಷೇಮಸಮಾಚಾರಕ್ಕೆ ಮೊದಲು ಒಂದೇ ಪ್ರಶ್ನೆ: "ಇವತ್ತಿನದ್ದು ಸರಿ ಆಯ್ತಾ?" ಅಂದಿನವರೆಗೆ ಹದಿನಾರು ಸರಿಯಾಗಿದ್ದವು. ನಾನು ಹೇಳಲು ಹೊರಟಿರುವುದು ಹದಿನೇಳನೆಯದರ ಕಥೆ.

ಹನೀಫನ ಅಂಗಡಿಯ ಗಿರಾಕಿಯೊಬ್ಬರ ಬಳಿ ಒಂದು ಕ್ಯಾಂಪರ್ ವ್ಯಾನ್ ಇತ್ತು. ಒಳಗೇ ಮಂಚ, ಒಳಗೇ ಒಲೆ, ಕಿಟಕಿಗೆ ಹೂವಿನ ಪರದೆ. ಚಳಿಗಾಲದಲ್ಲಿ ಅದಕ್ಕೆ ನೂಕುನುಗ್ಗಲು. ಬೇಸಿಗೆಯಲ್ಲಿ, ಅದೂ ರಂಜಾನಿನಲ್ಲಿ, ಮರುಭೂಮಿಗೆ ಹೋಗುವ ಬುದ್ಧಿ ಯಾರಿಗೂ ಬರುವುದಿಲ್ಲ. "ಸುಮ್ಮನೆ ನಿಂತರೆ ಬ್ಯಾಟರಿ ಸಾಯುತ್ತದೆ, ಒಂದು ಸುತ್ತು ಓಡಿಸಿಕೊಂಡು ಬಾ" ಎಂದು ಅವರೇ ಕೀಲಿಕೈ ಕೊಟ್ಟರು. ಆ ಬುದ್ಧಿ ನಮಗೆ ಬಂತು. ಪಶ್ಚಿಮಕ್ಕೆ, ಅಬುಧಾಬಿಯನ್ನೂ ದಾಟಿ ಗಯಾತಿ ಎಂಬ ಊರಿನ ಆಚೆಯ ಮರಳಿಗೆ ಹೋಗುವುದು, ಮರಳಿನ ನಡುವೆ ಇಫ್ತಾರ್ ಮಾಡುವುದು, ರಾತ್ರಿ ಅಲ್ಲೇ ಮಲಗುವುದು ಎಂದು ತೀರ್ಮಾನವಾಯಿತು. ದಾರಿಯಲ್ಲಿ ಅಬುಧಾಬಿ ಹತ್ತಿರದ ಬನಿಯಾಸ್‌ನಿಂದ ಲ್ಯಾನ್ಸಿಯನ್ನು ಹತ್ತಿಸಿಕೊಳ್ಳುವುದು. ಲ್ಯಾನ್ಸಿ ಮಂಗಳೂರಿನ ಕೊಂಕಣಿ ಹುಡುಗ, ಆಸ್ಪತ್ರೆಯಲ್ಲಿ ನರ್ಸ್. ನಗುವುದಕ್ಕೆ ಕಾರಣ ಬೇಕಿಲ್ಲದವನು.

ಹೊರಡುವ ಮುನ್ನ ಹನೀಫ್ ಕೇಳಿದ, "ಅಲ್ಲಿ ನೆಟ್‌ವರ್ಕ್ ಇರುದಿಲ್ಲ ಮಾರಾಯ. ಇಫ್ತಾರಿನ ಟೈಮ್ ನೋಡಿ ಇಟ್ಟುಕೊಂಡಿದ್ದೀಯಾ?"

"ನಿಮ್ಮ ಅಂಗಡಿಯ ಗೋಡೆಯಲ್ಲಿರೋ ಪಟ್ಟಿಯಿಂದಲೇ ಬರ್ಕೊಂಡಿದೀನಿ. ಏಳು ಹತ್ತು. ಎರಡು ಸಲ ನೋಡಿದೀನಿ" ಎಂದೆ.

"ಎರಡು ಸಲ ನೋಡಿದ್ಯಾ? ಹಾಗಾದ್ರೆ ಖಲಾಸ್, ನನಗೆ ತಲೆಬಿಸಿ ಇಲ್ಲ" ಎಂದ. ನನ್ನ ಎದೆ ಸ್ವಲ್ಪ ಉಬ್ಬಿತು. ಆ ಉಬ್ಬಿದ್ದೇ ಮುಂದಿನ ಎಲ್ಲದಕ್ಕೂ ಮೂಲ.

ಬನಿಯಾಸ್ ದಾಟಿದ ಮೇಲೆ ಹಸಿವಿನ ಸಮಸ್ಯೆ ಶುರುವಾಯಿತು. ರಂಜಾನಿನಲ್ಲಿ ಹಗಲು ನಾಲ್ಕು ಜನರಿಗೆ ಕಾಣುವಂತೆ ತಿನ್ನುವ ಹಾಗಿಲ್ಲ, ಕಾರಿನೊಳಗೂ ಇಲ್ಲ. ನಮ್ಮದು ಪರದೆಯಿರುವ ಗಾಡಿ. ಹಾಗಾಗಿ ನಾನೂ ಲ್ಯಾನ್ಸಿಯೂ ಹಿಂದಿನ ಮಂಚದ ಮೇಲೆ ಕೂತು ಪರದೆ ಎಳೆದುಕೊಂಡು ಅವನ ಚಿಕ್ಕಮ್ಮ ಕಳಿಸಿದ್ದ ಚಕ್ಕುಲಿ ಡಬ್ಬ ಬಿಚ್ಚಿದೆವು. ಕಣ್ಣಿಗೆ ಪರದೆ ಇದೆ ಸರಿ, ಚಕ್ಕುಲಿಯ ಸದ್ದಿಗೆ ಪರದೆ ಎಲ್ಲಿ? ಲ್ಯಾನ್ಸಿ ಕಟಂ ಎಂದು ಕಡಿದಾಗ ಮುಂದೆ ಸ್ಟಿಯರಿಂಗ್ ಹಿಡಿದಿದ್ದ ಹನೀಫನ ಕಿವಿ ಅಲುಗಿದಂತೆ ನನಗೆ ಕಂಡಿತು. ನಾನು ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ಜಗಿಯದೆ, ಅದು ತಾನೇ ಮೆತ್ತಗಾಗಲಿ ಎಂದು ಕಾಯತೊಡಗಿದೆ. ಚಕ್ಕುಲಿಯ ಮುಳ್ಳುಗಳು ಅಷ್ಟು ಬೇಗ ಸೋಲುವುದಿಲ್ಲ. ಹತ್ತು ಕಿಲೋಮೀಟರ್ ಹೋದರೂ ನನ್ನ ಕೆನ್ನೆ ಉಬ್ಬಿಯೇ ಇತ್ತು.

"ಪ್ರಸನ್ನ, ಜಗಿದು ತಿನ್ನು ಮಾರಾಯ" ಎಂದ ಹನೀಫ್, ಕನ್ನಡಿಯಲ್ಲಿ ನೋಡುತ್ತ. "ನೀನು ಹೀಗೆ ಸದ್ದಿಲ್ಲದೆ ತಿಂದ್ರೆ ಯಾವಾಗ ಮುಗೀತದೆ ಅಂತ ನನಗೆ ಗೊತ್ತಾಗುದಿಲ್ಲ. ಅದೇ ಹೆಚ್ಚು ಕಷ್ಟ."

ಲ್ಯಾನ್ಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನು ಇವತ್ತು ಬಿಡಬಹುದಿತ್ತಲ್ಲ ಹನೀಫ್? ಪ್ರಯಾಣದಲ್ಲಿ ಬಿಟ್ಟು ಆಮೇಲೆ ಹಿಡಿಯಬಹುದು ಅಂತ ಉಂಟಲ್ಲ ನಿಮ್ಮಲ್ಲಿ?"

"ಉಂಟು. ಆದ್ರೆ ಏಸಿ ಹಾಕಿಕೊಂಡು, ಹೂವಿನ ಪರದೆ ಕಟ್ಟಿಕೊಂಡು ಹೋಗುದಕ್ಕೆ ಪ್ರಯಾಣ ಅಂತ ಹೇಳಿದ್ರೆ ಉಮ್ಮ ಒಪ್ಪಲಿಕ್ಕಿಲ್ಲ."

ನನಗೆ ಕೂರಲಾಗಲಿಲ್ಲ. ಮಂಚದಿಂದ ಎದ್ದು ಒಲೆಯ ಪಕ್ಕ ನಿಂತೆ, ಅಲ್ಲಿಂದ ಮುಂದಿನ ಸೀಟಿಗೆ ಬಂದೆ, ಮತ್ತೆ ಹಿಂದೆ ಹೋದೆ. ಕೊನೆಗೆ ಚಕ್ಕುಲಿ ನುಂಗಿ, ನೀರು ಕುಡಿದು, ಬಾಯಿ ಒರೆಸಿಕೊಂಡು ಘೋಷಿಸಿದೆ: "ಇನ್ನು ಸಂಜೆವರೆಗೂ ನಂದೂ ಉಪವಾಸ. ನೀರೂ ಇಲ್ಲ."

"ಚಕ್ಕುಲಿ ತಿಂದು ಶುರು ಮಾಡುವ ಉಪವಾಸ ಇದೇ ಫಸ್ಟ್ ನೋಡುದು" ಎಂದ ಹನೀಫ್. ಆದರೂ ಅವನಿಗೆ ಸಂತೋಷವಾಗಿತ್ತೆಂದು ಕಾಣುತ್ತದೆ, ಏಸಿಯ ಗಾಳಿಯನ್ನು ನನ್ನ ಕಡೆ ತಿರುಗಿಸಿದ.

ಉಪವಾಸ ನನಗೆ ಹೊಸತಲ್ಲ. ನಮ್ಮ ಮನೆಯಲ್ಲಿ ಏಕಾದಶಿ ನಡೆಯುತ್ತದೆ. ಅಂದರೆ ಅನ್ನ ಇಲ್ಲ, ಅಷ್ಟೆ. ಅನ್ನ ಇಲ್ಲವಲ್ಲ ಎಂಬ ಕನಿಕರದಿಂದ ಅಮ್ಮ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣಿನ ರಸಾಯನ, ಹುರಿದ ಕಡಲೆಬೀಜ ಎಲ್ಲ ಮಾಡಿಡುತ್ತಾರೆ. ಏಕಾದಶಿಯ ಮಾರನೆಯ ದಿನ ನಮ್ಮಪ್ಪನಿಗೆ ಅಜೀರ್ಣ. ಆ ಅನುಭವದ ಮೇಲೆ ನಾನು ಹನೀಫನ ಉಪವಾಸವನ್ನು ಅಂದಾಜು ಮಾಡಿದ್ದೆ. ತರೀಫ್ ದಾಟುವಾಗ ನಾಲಗೆ ಒಣಗಿತು. ರುವೈಸ್ ಬರುವಷ್ಟರಲ್ಲಿ ಕಿಟಕಿಯಾಚೆಯ ಒಂಟೆಗಳೂ ಇಡ್ಲಿಯ ಬಣ್ಣದವಾಗಿ ಕಂಡವು. ಹಸಿವಿಗಿಂತ ಹೆಚ್ಚು ಕಾಡಿದ್ದು ವಾಚು. ನಿಮಿಷದ ಮುಳ್ಳು ಕದಲುತ್ತಿಲ್ಲವೆಂದು ಬೆರಳಿನಿಂದ ತಟ್ಟಿ ನೋಡಿದೆ. "ಇನ್ನು ಮೂರು ಗಂಟೆ ಹತ್ತು ನಿಮಿಷ" ಎಂದೆ. ಸ್ವಲ್ಪ ಹೊತ್ತು ಬಿಟ್ಟು "ಎರಡು ಗಂಟೆ ಐವತ್ತೈದು" ಎಂದೆ.

"ಪ್ರಸನ್ನ," ಎಂದ ಹನೀಫ್ ಬಹಳ ಮೆತ್ತಗೆ, "ನೀನು ಹೇಳುವವರೆಗೆ ನನಗೆ ಹಸಿವೆಯೇ ಇರಲಿಲ್ಲ."

ಆರೂವರೆಗೆ ಗಯಾತಿಯ ಆಚೆ, ರಸ್ತೆ ಬಿಟ್ಟು ಗಟ್ಟಿ ನೆಲ ಇರುವ ಕಡೆ ವ್ಯಾನ್ ನಿಲ್ಲಿಸಿದೆವು. ಸುತ್ತಲೂ ಮರಳಿನ ದಿಬ್ಬಗಳು. ದೂರದಲ್ಲಿ ಒಂದು ಸಣ್ಣ ಊರು, ಊರಿನ ಮಸೀದಿಯ ಗೋಪುರ ಬೆರಳಷ್ಟು ಕಾಣುತ್ತಿತ್ತು. ಬಿಸಿಲಿನ್ನೂ ಸುಡುತ್ತಿದ್ದರಿಂದ ವ್ಯಾನಿನ ನೆರಳಿನಲ್ಲೇ ಚಾಪೆ ಹಾಸಿದೆವು. ಹನೀಫ್ ಖರ್ಜೂರ, ನೀರು, ಹಣ್ಣು ಜೋಡಿಸಿದ. ಲ್ಯಾನ್ಸಿ ಮಡಚುವ ಕುರ್ಚಿ ತರುತ್ತೇನೆಂದು ವ್ಯಾನಿನ ಆಚೆ ಬದಿಗೆ ಹೋದ. ನಾನು ಮಣಿಕಟ್ಟನ್ನು ಕಣ್ಣೆದುರು ಹಿಡಿದು ಕೂತೆ. ಗೋದಾಮಿನ ಗೇಟಿನಲ್ಲಿ ಎಂದೂ ಅಷ್ಟು ನಿಷ್ಠೆಯಿಂದ ವಾಚು ನೋಡಿದವನಲ್ಲ.

"ಆಯ್ತು! ಏಳು ಹತ್ತು!" ಎಂದು ಕೂಗಿ, ಕೂಗು ಮುಗಿಯುವ ಮೊದಲೇ ಒಂದು ಖರ್ಜೂರ ಬಾಯಿಗೆ ಎಸೆದುಕೊಂಡೆ. ಹನೀಫ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಂಡು ಖರ್ಜೂರವನ್ನು ತುಟಿಯ ಹತ್ತಿರ ತಂದ.

ವ್ಯಾನಿನ ಆಚೆಯಿಂದ ಲ್ಯಾನ್ಸಿಯ ದನಿ ಬಂತು: "ಅಯ್ಯೋ ನಿಲ್ಲಿ! ಹಾಗಾದ್ರೆ ಇದು ಎಂತದ್ದು ಇಲ್ಲಿ?"

ಓಡಿಹೋಗಿ ನೋಡಿದೆವು. ದಿಬ್ಬಗಳ ಮೇಲೆ ಸೂರ್ಯ, ದೊಡ್ಡ ಹಿತ್ತಾಳೆ ತಟ್ಟೆಯಂತೆ, ಇಡಿಯಾಗಿ, ಯಾವ ಅವಸರವೂ ಇಲ್ಲದೆ ಕೂತಿದ್ದ.

ಹನೀಫ್ ಕೈಯ ಖರ್ಜೂರ ನೋಡಿದ, ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಹದಿನಾರು ದಿನಗಳೂ ಉಮ್ಮನ ಫೋನೂ ಒಟ್ಟಿಗೆ ಬಂದುಹೋದವು. "ನೀನು ಎಲ್ಲಿಯ ಟೈಮ್ ಹೇಳಿದ್ದು?"

ಆಗ ನನಗೆ ಹೊಳೆಯಿತು. ಅಂಗಡಿಯ ಪಟ್ಟಿ ದುಬೈಯದು. ಒಂದೇ ದೇಶ, ಒಂದೇ ಗಡಿಯಾರ, ಆದ್ದರಿಂದ ಒಂದೇ ಸೂರ್ಯಾಸ್ತ ಎಂಬುದು ನನ್ನ ಲೆಕ್ಕ. ನಮ್ಮ ಕಂಪನಿಯಲ್ಲಿ ಅಬುಧಾಬಿ ಗೋದಾಮಿಗೂ ಜೆಬೆಲ್ ಅಲಿಗೂ ಒಂದೇ ಹಾಜರಿ ಸಮಯ. ಸೂರ್ಯ ನಮ್ಮ ಕಂಪನಿಯವನಲ್ಲ. ನಾವು ಇಡೀ ದಿನ ಪಶ್ಚಿಮಕ್ಕೆ, ಅಂದರೆ ಅವನ ಹಿಂದೆಯೇ ಗಾಡಿ ಓಡಿಸಿದ್ದೆವು. ಅಷ್ಟೂ ದೂರಕ್ಕೆ ಅವನು ತಡವಾಗಿ ಮುಳುಗುತ್ತಾನೆ. ನೆರಳಿನಲ್ಲಿ ಕೂತಿದ್ದೇನೆ, ನೆರಳಿದೆ ಎಂದರೆ ಸೂರ್ಯನಿದ್ದಾನೆ ಎಂಬಷ್ಟಾದರೂ ತಿಳಿಯಬೇಡವೇ?

ತಪ್ಪು ಗೊತ್ತಾದರೂ ಒಪ್ಪಿಕೊಳ್ಳಲು ಎರಡು ಅಡ್ಡಿ. ಒಂದು, ಎರಡು ಸಲ ನೋಡಿದ್ದೇನೆಂದು ಹೇಳಿದ್ದು. ಇನ್ನೊಂದು, ಬಾಯಲ್ಲಿದ್ದ ಖರ್ಜೂರ. ನುಂಗಿದರೆ ಉಪವಾಸ ಮುರಿಯಿತು. ಉಗಿಯೋಣವೆಂದರೆ, ಹಗಲೆಲ್ಲ ಅದಕ್ಕಾಗಿ ಕಾದವನ ಎದುರು ಖರ್ಜೂರ ಉಗಿಯುವುದೇ? ಕೆನ್ನೆಗೆ ಒತ್ತರಿಸಿಕೊಂಡು, ಪ್ರೌಢಶಾಲೆಯಲ್ಲಿ ಕಲಿತ ವಿಜ್ಞಾನದ ಮೊರೆಹೊಕ್ಕೆ. ಬೆಳಕು ಗಾಳಿಯಲ್ಲಿ ಬಾಗುತ್ತದೆ, ನಿಜವಾಗಿ ಸೂರ್ಯ ಆಗಲೇ ಮುಳುಗಿದ್ದಾನೆ, ನಮಗೆ ಕಾಣುತ್ತಿರುವುದು ಬರೀ ಅವನ ಬಿಂಬ ಎಂದು ಹೇಳಲು ಹೊರಟೆ. ಖರ್ಜೂರದ ಮೂಲಕ ಹೊರಬಂದದ್ದು ಇಷ್ಟು: "ಬೆವಕು ಬಾಗುಟ್ಟೆ. ಅವ್ನು ಮುವುಗಿಡಾನೆ."

"ಎಂತ ಹೇಳ್ತಾನೆ ಇವ?" ಎಂದ ಹನೀಫ್.

"ಸೂರ್ಯ ಮುಳುಗಿದ್ದಾನಂತೆ" ಎಂದ ಲ್ಯಾನ್ಸಿ, ಮರಳಿನ ಮೇಲೆ ಕುಸಿದು ನಗುತ್ತ. "ನಮಗೆ ಕಾಣುದು ಮಾತ್ರ ಹಾಗಂತೆ."

"ಹಾಗಾದ್ರೆ ಸೆಕೆ ಆಗುದು ಯಾರಿಂದ ಮಾರಾಯ?"

ನಾನು ಖರ್ಜೂರವನ್ನು ಇನ್ನೊಂದು ಕೆನ್ನೆಗೆ ದಾಟಿಸಿದೆ. ಮೂವರೂ ಸಾಲಾಗಿ ನಿಂತು ಸೂರ್ಯನನ್ನು ನೋಡತೊಡಗಿದೆವು. ಹನೀಫ್ ತನ್ನ ಖರ್ಜೂರವನ್ನು ತಟ್ಟೆಯಲ್ಲಿಟ್ಟು, ಕೈ ಕಟ್ಟಿ, ಅಲುಗದೆ ನಿಂತ. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತಿದ್ದೆ. ಬಾಯಲ್ಲಿ ಖರ್ಜೂರ ತಾನಾಗಿ ಕರಗತೊಡಗಿತು. ಚಕ್ಕುಲಿ ಹತ್ತು ಕಿಲೋಮೀಟರಿಗೂ ಕರಗಿರಲಿಲ್ಲ, ಇದಕ್ಕೆ ಅಂಥ ಸ್ವಾಭಿಮಾನವಿರಲಿಲ್ಲ. ಸಿಹಿ ರಸ ನಾಲಗೆಯ ಬುಡಕ್ಕೆ ಹರಿಯಿತು. ನಾನು ತಲೆ ಬಗ್ಗಿಸಿ ತಡೆದೆ. ತಲೆ ಬಗ್ಗಿಸಿದ್ದನ್ನು ಪಶ್ಚಾತ್ತಾಪವೆಂದು ತಿಳಿದ ಹನೀಫ್, "ಇರ್ಲಿ ಮಾರಾಯ, ಬೇಜಾರು ಮಾಡಬೇಡ" ಎಂದು ಬೆನ್ನಿಗೆ ಒಂದು ತಟ್ಟಿದ. ಅಲ್ಲಿಗೆ ನನ್ನ ತಡೆ ಒಡೆದು ರಸವೆಲ್ಲ ಒಳಗೆ ಇಳಿಯಿತು.

ಸೂರ್ಯನ ಕೊನೆಯ ಕೆಂಪು ಗೆರೆ ಮರಳಿಗೆ ಇಳಿಯಿತು. ದೂರದ ಗೋಪುರದಲ್ಲಿ ಹಸಿರು ದೀಪ ಹತ್ತಿತು, ಗಾಳಿಯಲ್ಲಿ ತೇಲಿಕೊಂಡು ಬಾಂಗ್ ಕೇಳಿಸಿತು. ವಾಚು ನೋಡಿದೆ, ಅಭ್ಯಾಸಬಲ: ಏಳು ಹದಿನೇಳು. ಹನೀಫ್ ಖರ್ಜೂರ ತಿಂದು ನೀರು ಕುಡಿದ. ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ಅಷ್ಟು ನೆಮ್ಮದಿಯಿಂದ ಎಂದೂ ನೋಡಿಲ್ಲ. ಆಮೇಲೆ ಅವನು ನನ್ನ ಕಡೆ ತಿರುಗಿದ. "ನಿನ್ನದು ಎಂತ ಆಯ್ತು? ಬಾಯಿ ತೆಗಿ."

ಲ್ಯಾನ್ಸಿ ಆಸ್ಪತ್ರೆಯವನ ಗತ್ತಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇಣುಕಿದ. "ಬೀಜ ಒಂದು ಉಂಟು."

"ಪರವಾಗಿಲ್ಲ," ಎಂದ ಹನೀಫ್, "ಬೀಜದ ಉಪವಾಸ ಪೂರ್ತಿ ಆಯ್ತು."

ಉಂಡ ಮೇಲೆ ಚಹಾ ಹುಡುಕಿಕೊಂಡು ರಸ್ತೆಗೆ ಬಂದೆವು. ನೆಟ್‌ವರ್ಕ್ ಬಂದ ಕೂಡಲೇ ಉಮ್ಮನ ಫೋನು. ಹನೀಫ್ ಸ್ಪೀಕರಿಗೆ ಹಾಕಿದ. ಇವತ್ತಿನದ್ದು ಸರಿ ಆಯ್ತಾ ಎಂದು ಅವರು ಕೇಳಿದರು. "ಆಯ್ತು ಉಮ್ಮ. ಟೈಮ್ ಹೇಳಲಿಕ್ಕೆ ಪ್ರಸನ್ನ ಇದ್ದನಲ್ಲ" ಎಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಅವರು ನನ್ನ ಜೊತೆ ಮಾತಾಡಬೇಕೆಂದರು.

"ಮಗಾ, ನೀನು ವಾಚ್ ಕಂಪನಿಯವನಂತೆ ಅಲ್ವಾ? ಒಳ್ಳೇದಾಗ್ಲಿ ನಿನಗೆ. ನಮ್ಮ ಮನೆಯ ಗಡಿಯಾರವೂ ಒಂದು ಉಂಟು, ಯಾವಾಗ್ಲೂ ಸ್ವಲ್ಪ ಮುಂದೆ ಓಡ್ತದೆ. ಊರಿಗೆ ಬಂದಾಗ ಒಮ್ಮೆ ನೋಡ್ತೀಯಾ?"

ಹಲ್ಲಿನ ಸಂದಿಯಲ್ಲಿ ಖರ್ಜೂರದ ಸಿಪ್ಪೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ನಾಲಗೆಯಿಂದ ಸರಿಸುತ್ತ ಹೇಳಿದೆ, "ನೋಡ್ತೀನಿ ಉಮ್ಮ. ಆ ಕಾಯಿಲೆ ನನಗೆ ಚೆನ್ನಾಗಿ ಗೊತ್ತು."