ರೇಡಿಯೋಗಳಿಗೆ ರಿಕವರಿ

ಇಂಗ್ಲಿಷ್ ಪದವೊಂದು ಮಣಿಪಾಲದಲ್ಲಿ ಬಸ್ಸು ಹತ್ತಿ, ಉಡುಪಿಯಲ್ಲಿ ಬಸ್ಸು ಬದಲಿಸಿ, ಕಾಪುವಿನಲ್ಲಿ ಇಳಿಯುವಷ್ಟರಲ್ಲಿ ತನ್ನ ಅರ್ಥವನ್ನು ಸೀಟಿನ ಕೆಳಗೆಲ್ಲೋ ಮರೆತು ಬಂದಿರುತ್ತದೆ ಎಂಬುದು ನನ್ನ ಅನುಭವ. ಈ ಅನುಭವಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ. ಪದವಿ ಕೊಡಬಹುದಾಗಿದ್ದ ಇನ್ನೊಂದು ವಿಷಯ ನನ್ನ ಕೈಯಲ್ಲಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಮಣಿಪಾಲದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ, ಸತ್ತ ರೇಡಿಯೋ ಮತ್ತು ಟೇಪ್ ರೆಕಾರ್ಡರುಗಳ ಒಳಗಿನಿಂದ ಚಿನ್ನ, ಬೆಳ್ಳಿ, ತಾಮ್ರಗಳನ್ನು ಆಮ್ಲದಲ್ಲಿ ಕರಗಿಸಿ ಮರಳಿ ಪಡೆಯುವುದು, ಇಂಗ್ಲಿಷಿನಲ್ಲಿ ರಿಕವರಿ ಮಾಡುವುದು, ಹೇಗೆಂದು ನಾನು ಪಿಎಚ್.ಡಿ. ಮಾಡುತ್ತಿದ್ದೆ. ಇ-ವೇಸ್ಟ್ ಎಂಬ ಮಾತು ಆಗ ನಮ್ಮ ಕಡೆ ಯಾರ ಕಿವಿಗೂ ಬಿದ್ದಿರಲಿಲ್ಲ. ಹಾಗಾಗಿ ನನಗೆ ತಲೆ ಕೆಟ್ಟಿದೆ ಎಂದು ತಿಳಿದವರೇ ಹೆಚ್ಚು. ನನ್ನ ಹೆಂಡತಿ ಸುಮತಿಯೂ ಆ ಗುಂಪಿನಲ್ಲಿದ್ದಳು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ನನ್ನ ಕಷ್ಟವೆಂದರೆ ನಮ್ಮ ಜಿಲ್ಲೆಯಲ್ಲಿ ಯಾವುದೂ ಕಸವಾಗುವುದಿಲ್ಲ. ರೇಡಿಯೋ ಸತ್ತರೂ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕಪಾಟಿನ ಮೇಲೆ ಗಂಭೀರವಾಗಿ ಕುಳಿತಿರುತ್ತದೆ. ಕಾರ್ಕಳದಿಂದ ದಿನಾ ಓಡಾಡುತ್ತಿದ್ದ ನನ್ನ ಗೈಡ್ ಸಮಾಧಾನದ ಮನುಷ್ಯರು. ಅವರೇ ಒಂದು ದಿನ, ಮಳೆಗಾಲದೊಳಗೆ ಪ್ರಯೋಗಕ್ಕೆ ಬೇಕಾದಷ್ಟು ಸಾಮಾನು ಕೂಡಿಸದಿದ್ದರೆ ವಿಷಯವನ್ನೇ ಬದಲಾಯಿಸಬೇಕಾಗುತ್ತದೆ ಎಂದುಬಿಟ್ಟರು. ಅಷ್ಟು ವರ್ಷದ ಓದು ನೀರುಪಾಲಾಗುವುದೆಂದು ನನಗೆ ಹೆದರಿಕೆಯಾಯಿತು. ನಮ್ಮೂರು ಕಾಪುವಿನ ಪೇಟೆಯಲ್ಲಿದ್ದ ಹಮೀದರ ಅಂಗಡಿಗೆ ಹೋದೆ. ಗಲ್ಫಿನಿಂದ ಬಂದವರೆಲ್ಲ ಕೂತು ಮಾತಾಡುವ ಜಾಗ ಅದು. ಹಾಳಾದ ರೇಡಿಯೋ ಯಾರಲ್ಲಿದ್ದರೂ ನನ್ನ ಮನೆಗೆ ತಂದುಕೊಡಲಿ, ನಾನು ರಿಕವರಿ ಮಾಡುತ್ತೇನೆ ಎಂದು ಹೇಳಿ ಬಂದೆ.

ವಾರ ಕಳೆಯುವುದರೊಳಗೆ ನಮ್ಮ ಜಗಲಿ ತುಂಬಿತು. ಎರ್ಮಾಳಿನಿಂದ ಬಂತು, ಅಲೆವೂರಿನಿಂದ ಬಂತು. ತಂದವರು ಮಗುವನ್ನು ಮಲಗಿಸುವಂತೆ ಮೆಲ್ಲಗೆ ಇಟ್ಟು, ಸ್ವಲ್ಪ ಜಾಗ್ರತೆ ಎಂದು ಹೇಳಿ ಹೋಗುತ್ತಿದ್ದರು. ಕಸಕ್ಕೆ ಎಂತಹ ಜಾಗ್ರತೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಮ್ಮ ಜನರ ವಿಜ್ಞಾನ ಪ್ರೇಮಕ್ಕೆ ಮನಸೋತು ಎಲ್ಲರಿಗೂ ಚಹಾ ಕೊಡಿಸಿದೆ.

ಎಲ್ಲಕ್ಕಿಂತ ಒಳ್ಳೆಯ ಮಾಲು ಎದುರುಮನೆಯ ಖತೀಜಮ್ಮನದು. ಅವರ ಮಗ ದುಬೈಯಿಂದ ಮೊದಲ ಸಂಬಳದಲ್ಲಿ ಕಳಿಸಿದ, ರೇಡಿಯೋ ಟೇಪು ಎರಡೂ ಇರುವ ಜಪಾನಿನ ಟೂ-ಇನ್-ವನ್. ಅದರ ಹೊಟ್ಟೆಯಲ್ಲಿ ಚಿನ್ನದ ಲೇಪವಿರುವುದು ಖಂಡಿತ. ಸ್ಕ್ರೂ ಬಿಚ್ಚಿ, ಇಕ್ಕುಳ ಹಿಡಿದು ಕುಳಿತಿದ್ದೆ. ಆಗ ಖತೀಜಮ್ಮನೇ ಮೆಟ್ಟಿಲು ಹತ್ತಿ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: "ಹೇಗುಂಟು ಮಾಷ್ಟ್ರೇ? ರಿಕವರಿ ಆಗ್ತದಾ?"

ನಾನು ಇಕ್ಕುಳ ಕೆಳಗಿಟ್ಟೆ. ಆಮೇಲೆ ವಿಷಯ ಬಿಡಿಸಿ ಹೇಳಿದವರು ಅವರೇ. ಹಿಂದಿನ ವರ್ಷ ಅವರ ಗಂಡನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದಾಗ ಎಲ್ಲರೂ ಆಸೆ ಬಿಟ್ಟಿದ್ದರಂತೆ, ಕಡೆಗೆ ಡಾಕ್ಟರು ಬಂದು ರಿಕವರಿ ಆಯ್ತು ಎಂದರಂತೆ. ಮಣಿಪಾಲದವರು ಮನುಷ್ಯರನ್ನೇ ಬದುಕಿಸುವಾಗ ರೇಡಿಯೋ ಯಾವ ಲೆಕ್ಕ ಎಂದು ಹಮೀದರ ಅಂಗಡಿಯಲ್ಲಿ ತೀರ್ಮಾನವಾಗಿತ್ತು. ಜಗಲಿಯಲ್ಲಿದ್ದದ್ದು ಕಸವಲ್ಲ, ವಾರ್ಡು.

"ಧೂಳು ಒರೆಸುವಾಗ ನನ್ನ ಕೈಯಿಂದಲೇ ಬಿದ್ದದ್ದು," ಎಂದರು ಖತೀಜಮ್ಮ. "ಬರುವ ತಿಂಗಳು ಮಗ ರಜೆಯಲ್ಲಿ ಬರ್ತಾನೆ. ಅವ ಬಂದು ಒತ್ತಿದಾಗ ಇದು ಮಾತಾಡದಿದ್ರೆ, ನಾನು ಅವನಿಗೆ ಮುಖ ತೋರಿಸುವುದು ಹೇಗೆ?"

ರಿಕವರಿ ಎಂದರೆ ಕರಗಿಸುವುದು ಎಂದು ಆ ಹೆಂಗಸಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನೋಡುವ ಎಂದೆ. ಸುಮತಿ ಒಳಗಿನಿಂದ ಹುಣಸೆಹಣ್ಣು ತಂದು ಕೊಟ್ಟಳು. ಉಪ್ಪುಗಾಳಿಗೆ ಹಸಿರುಗಟ್ಟಿದ್ದ ಬ್ಯಾಟರಿಯ ತಗಡುಗಳನ್ನು ತಿಕ್ಕಿದೆ, ಬಿದ್ದ ಏಟಿಗೆ ಕಿತ್ತುಹೋಗಿದ್ದ ಒಂದು ತಂತಿಯನ್ನು ಬೆಸೆದೆ. ಗುಂಡಿ ಒತ್ತಿದಾಗ ಯಾರೋ ತೆಂಗಿನ ಬುಡಕ್ಕೆ ಗೊಬ್ಬರ ಹಾಕುವ ಕ್ರಮವನ್ನು ವಿವರಿಸತೊಡಗಿದರು. ಅಷ್ಟು ಇಂಪಾದ ಮಾತನ್ನು ನಾನು ಈವರೆಗೂ ಕೇಳಿಲ್ಲ. ಖತೀಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಬಹಳ ಸಂತೋಷವಾಯಿತು ಎಂಬುದನ್ನು ಯಾಕೆ ಮುಚ್ಚಿಡಲಿ?

ಸಂತೋಷದ ಫಲ ಮರುದಿನದಿಂದ ಕಾಣಿಸಿತು. ಉಳಿದ ರೋಗಿಗಳ ಮನೆಯವರೂ ವಿಚಾರಿಸಲು ಬಂದರು. ಮಾತಾಡಿದವನ್ನು ಮಾತಾಡಿಸಿ ಕೊಟ್ಟೆ, ಮಾತಾಡದವನ್ನು ಅವರೇ ಹೊದಿಕೆ ಹೊದಿಸಿ ಮತ್ತೆ ಕಪಾಟಿಗೆ ಒಯ್ದರು. ಜಗಲಿ ಖಾಲಿಯಾಯಿತು. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು.

ಖತೀಜಮ್ಮನ ಮಗ ಬಂದ. ಬರುವಾಗ ಇನ್ನೂ ದೊಡ್ಡದೊಂದು ಸೆಟ್ಟು ತಂದಿದ್ದ. ಮರುದಿನವೇ ಖತೀಜಮ್ಮ ಹಳೆಯದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮಲ್ಲಿಗೆ ಬಂದರು. ನನ್ನ ಓದಿನ ವಿಷಯ ಮಗನಿಗೆ ತಿಳಿದಿತ್ತಂತೆ, ಹಳೆಯದನ್ನು ಮಾಷ್ಟ್ರಿಗೆ ಕೊಟ್ಟುಬಿಡು, ಅವರು ಅದರಿಂದ ಚಿನ್ನ ತೆಗೆಯುತ್ತಾರೆ ಎಂದನಂತೆ. ನಾನು ಆಸೆಯಿಂದ ಎರಡೂ ಕೈ ಚಾಚಿದೆ.

"ಅವನಿಗೆ ಎಂತ ಗೊತ್ತುಂಟು?" ಎಂದು ಅವರು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ನೀವು ಕೊಟ್ಟ ಜೀವವನ್ನು ನಿಮ್ಮ ಕೈಯಿಂದಲೇ ತೆಗೆಸುವುದಾ? ಹೆದರಬೇಡಿ, ನಾನು ಯಾರಿಗೂ ಕೊಡುವುದಿಲ್ಲ ಅಂತ ಹೇಳಿ ಹೋಗುವ ಅಂತ ಬಂದದ್ದು."

ಅವರು ಹೋದ ಮೇಲೆ ನಾನು ಒಳಗೆ ಬಂದೆ. ಒಳಗೆ ನಮ್ಮದೇ ರೇಡಿಯೋ ಚೆನ್ನಾಗಿ ಹಾಡುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಸುಮತಿ ನನ್ನ ಮುಖ ನೋಡಿದಳು. ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.