ನನ್ನ ಫಾರಂಗಳಿಗೆ ಮಾವನ ಕೆಂಪು ಬೊಟ್ಟು

ನಮ್ಮ ಸೋದರಮಾವನ ಪ್ರಕಾರ ಈ ಲೋಕದಲ್ಲಿರುವುದು ಎರಡೇ ಬಗೆಯ ಜೀವಗಳು. ಒಂದು, ಕುರಿ. ಎರಡು, ಇನ್ನೂ ಕುರಿಯಷ್ಟು ಬುದ್ಧಿ ಬಾರದವು. ನಾನು ಎರಡನೆಯ ಗುಂಪಿನವಳು. ಐದು ವರ್ಷ ಆಹಾರಶಾಸ್ತ್ರ ಓದಿ, ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೂ ನನಗೆ ಆ ಗುಂಪಿನಿಂದ ಬಡ್ತಿ ಸಿಕ್ಕಿಲ್ಲ!

ಮಾವನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಹುಬ್ಬೇರಿಸಬೇಡಿ. ನನಗೆ ಐದು ವರ್ಷವಿದ್ದಾಗ ಅಮ್ಮ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಆಗಿನಿಂದ ಹೇಮಾವತಿ ಊರಿನ ಪಕ್ಕದ ತನ್ನ ಹಳ್ಳಿಯಲ್ಲಿ ನನ್ನನ್ನು ಸಾಕಿದವನು ಅವನೇ. ಓದು ಮುಗಿಸಿ ಬಂದ ಹೊಸದರಲ್ಲಿ ಒಮ್ಮೆ ‘ನೀವು’ ಎಂದು ನೋಡಿದೆ. ಯಾರು ಬಂದರೆಂದು ಹಿಂದೆ ತಿರುಗಿ ನೋಡಿದ. ಅಲ್ಲಿಗೆ ಆ ಪ್ರಯೋಗ ಕೈಬಿಟ್ಟೆ.

ಮಂಡಿ ನೋವಿನಿಂದ ಮಂದೆಯ ಹಿಂದೆ ನಡೆಯಲಾಗದೆ, ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅವನು ರಾಯದುರ್ಗಕ್ಕೆ, ನನ್ನ ಮನೆಗೆ ಬಂದ. ಬಂದವನು ಮನೆಯಲ್ಲಿ ಕೂರಬೇಕಲ್ಲವೇ? ನಾನು ಕೆಲಸ ಮಾಡುವ ಆಟದ ಮೈದಾನಕ್ಕೇ ಬಂದು ಬೇವಿನ ಮರದ ಕೆಳಗಿನ ಕಲ್ಲುಬೆಂಚು ಹಿಡಿದ. ಓಟ, ಕಬಡ್ಡಿ ಕಲಿಯುವ ಹುಡುಗಿಯರು ಏನು ತಿನ್ನುತ್ತಾರೆಂದು ಕೇಳುವುದು, ಏನು ತಿನ್ನಬೇಕೆಂದು ಹೇಳುವುದು, ಎರಡನ್ನೂ ನಾಲ್ಕು ಪುಟದ ಫಾರಂನಲ್ಲಿ ದಾಖಲಿಸಿ ಅನಂತಪುರದ ಕಚೇರಿಗೆ ಕಳಿಸುವುದು ನನ್ನ ಕೆಲಸ. ಹುಡುಗಿಯರು ನನ್ನ ಮೇಜಿಗೆ ಬರಲು ಆ ಬೆಂಚು ದಾಟಿಯೇ ಬರಬೇಕು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಮೊದಲ ದಿನವೇ ನಮ್ಮ ಕೋಚ್ ಸಾಹೇಬರನ್ನು ಮಾತಾಡಿಸುವ ನೆಪದಲ್ಲಿ ಹತ್ತಿರ ಕರೆದು, ಸಂತೆಯಲ್ಲಿ ಟಗರು ಕೊಳ್ಳುವವರಂತೆ ಬೆನ್ನುಮೂಳೆಯ ಎರಡೂ ಕಡೆ ಒತ್ತಿ ನೋಡಿದ.

“ಬರೀ ಕೊಬ್ಬು,” ಎಂದ ನನ್ನ ಕಡೆ ತಿರುಗಿ. “ಇಂಥದ್ನ ಯಾರೂ ಕೊಳ್ಳಲ್ಲ ಕಣವ್ವ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೋಚ್ ಸಾಹೇಬರು ನಕ್ಕರು. ಆದರೆ ಅಂದಿನಿಂದ ಆ ಬೆಂಚಿನ ಮುಂದೆ ಹಾದುಹೋಗುವಾಗ ಅವರು ಹೊಟ್ಟೆ ಒಳಗೆಳೆದುಕೊಂಡೇ ನಡೆಯುತ್ತಿದ್ದರು.

ಇಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ನನ್ನ ಫಾರಂಗಳ ತಂಟೆಗೆ ಬಂದನಲ್ಲ, ಅದನ್ನು ಹೇಗೆ ಸಹಿಸಲಿ? ಎಂಥ ಫಾರಂಗಳು ಗೊತ್ತೇ! ಹನ್ನೊಂದು ಓಟಗಾರ್ತಿಯರು, ಹನ್ನೊಂದು ಜನರೂ ದಿನಾ ಎರಡು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಣ್ಣು, ನೆನೆಸಿದ ಬಾದಾಮಿ ತಿನ್ನುತ್ತಾರೆ. ತಲೆಮಾರುಗಳಿಂದ ಮೊಟ್ಟೆ ಹೊಸಿಲು ದಾಟದ ಅಂಗಡಿಯವರ ಮನೆಯ ಹುಡುಗಿಯೂ ಎರಡು ಮೊಟ್ಟೆ ಬರೆಸಿದ್ದಳು. ನಾನಾದರೂ ಅನುಮಾನಪಟ್ಟೆನೇ? ನನ್ನ ಸಲಹೆಯ ಪ್ರಭಾವ ಎಂದುಕೊಂಡು ಎದೆಯುಬ್ಬಿಸಿಕೊಂಡು ಓಡಾಡಿದೆ.

ಹನ್ನೊಂದರಲ್ಲಿ ಒಬ್ಬಳ ಮೇಲೆ ನಮಗೆಲ್ಲ ಭಾರಿ ಆಸೆ. ಸಾವಿರದೈನೂರು ಮೀಟರ್ ಓಡುವ ಹುಡುಗಿ. ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಅನಂತಪುರದ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಊಟ, ಓದು ಎಲ್ಲ ಸಿಗುತ್ತದೆ. ಆಗದಿದ್ದರೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿರುವ ಅವಳ ಅಮ್ಮ ತನ್ನ ಪಕ್ಕದ ಮಿಷನ್ನಿಗೇ ಅವಳನ್ನೂ ಕೂರಿಸಲು ಮಾತಾಡಿಯಾಗಿತ್ತು. ಆಯ್ಕೆಗೆ ಮೂರೇ ವಾರವಿತ್ತು, ಹುಡುಗಿಯ ಓಟ ಮಾತ್ರ ದಿನದಿನಕ್ಕೆ ನಿಧಾನವಾಗುತ್ತಿತ್ತು.

“ಬಾದಾಮಿ ತಿಂತೀಯ ತಾನೇ?” ಎಂದು ಮತ್ತೆ ಕೇಳಿದೆ.

“ನೇಮಕಲ್ಲು ಆಂಜನೇಯನ ಆಣಿ, ತಿಂತೀನ್ರಿ ಮೇಡಮ್.”

ದೇವರ ಮೇಲೆ ಆಣೆ ಇಟ್ಟ ಮೇಲೆ ಇನ್ನೇನು? ಫಾರಂನ ಕೊನೆಯಲ್ಲಿ ‘ಆಹಾರ: ಉತ್ತಮ’ ಎಂದು ಬರೆದು ಸಹಿ ಹಾಕಿದೆ. ಮಾವ ಬೆಂಚಿನಿಂದಲೇ ಕೇಳಿಸಿಕೊಂಡಿದ್ದ.

“ಕುರಿ ಏನ್ ತಿಂತು ಅಂತ ಕುರೀನೇ ಕೇಳ್ತಾರೇನವ್ವ? ಕಣ್ಣು ನೋಡ್ಬೇಕು.”

“ಇವರು ಕುರಿಗಳಲ್ಲ ಮಾವ.”

“ಅದ್ಕೇಯ. ಕುರಿ ಸುಳ್ಳು ಹೇಳಲ್ಲ.”

ನಾನು ತೂಕದ ಯಂತ್ರ ತರಲು ಒಳಗೆ ಹೋದಾಗಲೆಲ್ಲ ಅವನ ತಪಾಸಣೆ ನಡೆಯುತ್ತಿತ್ತು. ಹುಡುಗಿಯರು ಸಾಲಾಗಿ ಬಂದು ‘ನಂದು ನೋಡ್ರಿ ಅಜ್ಜ, ನಂದು ನೋಡ್ರಿ’ ಎಂದು ಮುಖ ಒಡ್ಡುತ್ತಿದ್ದರು. ಅವನು ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ಕೆಂಪಗಿದೆಯೋ ಬಿಳಿಚಿದೆಯೋ ಎಂದು ನೋಡುತ್ತಿದ್ದ. ಓದುಬರಹ ಬಾರದವನು, ಬಂದದ್ದೊಂದೇ: ಮಂದೆಯಲ್ಲಿ ಸೊರಗಿದ ಕುರಿಗೆ ಕೆಂಪು ಬಣ್ಣದ ಗುರುತು ಹಾಕುವುದು. ಆ ಬಣ್ಣದ ಡಬ್ಬಿ ಊರಿನಿಂದ ಅವನ ಚೀಲದಲ್ಲೇ ಬಂದಿತ್ತು. ಒಂದು ದಿನ ನೋಡುತ್ತೇನೆ, ನನ್ನ ಹನ್ನೊಂದು ಫಾರಂಗಳಲ್ಲಿ ಏಳರ ಮೇಲೆ, ಹುಡುಗಿಯ ಫೋಟೋದ ಪಕ್ಕದಲ್ಲೇ, ಹೆಬ್ಬೆರಳಗಲದ ಕೆಂಪು ಬೊಟ್ಟು! ಸರ್ಕಾರದ ಮೊಹರಿದ್ದ ಕಾಗದ ರೀ ಅದು!

ತೊಳೆಯೋಣವೆಂದರೆ ಹೋಗುವ ಬಣ್ಣವಲ್ಲ, ಮತ್ತೆ ಬರೆಯೋಣವೆಂದರೆ ಹೊತ್ತಿಲ್ಲ. ಅಂದೇ ಅನಂತಪುರದಿಂದ ಮೇಲಧಿಕಾರಿ ಬಂದರು. ಫಾರಂ ಎತ್ತಿ ಹಿಡಿದು, “ಇದೇಂಟಮ್ಮಾ, ರಕ್ತಮಾ?” ಎಂದು ತೆಲುಗಿನಲ್ಲಿ ಗಾಬರಿಯಾಗಿ ಕೇಳಿದರು.

“ಕುಂಕುಮ ಸಾರ್,” ಎಂದುಬಿಟ್ಟೆ. “ಹುಡುಗಿಯರು ಆಯ್ಕೆಯಾಗಲಿ ಅಂತ ಪೂಜೆ ಮಾಡಿಸಿದ್ದು.”

ಅವರು ಏಳೂ ಫಾರಂಗಳನ್ನು ಕಣ್ಣಿಗೊತ್ತಿಕೊಂಡು ಸಹಿ ಹಾಕಿದರು. ಸುಳ್ಳು ಹೇಳುವವರ ಪಟ್ಟಿಗೆ ಹನ್ನೆರಡನೆಯವಳಾಗಿ ನಾನೂ ಸೇರಿಕೊಂಡೆ. ಅವರು ಜೀಪು ಹತ್ತಿದ್ದೇ ತಡ, ಮಾವನ ಮುಂದೆ ನಿಂತು, ಇನ್ನು ಈ ಮೈದಾನಕ್ಕೆ ಕಾಲಿಡಬೇಡ ಎಂದು ಎಲ್ಲರಿಗೂ ಕೇಳುವಂತೆ ಕೂಗಾಡಿದೆ. ಅವನು ಟವೆಲ್ ಕೊಡವಿಕೊಂಡು ಎದ್ದುಹೋದ.

ನಾಲ್ಕು ದಿನ ಫಾರಂಗಳು ಶುಭ್ರವಾಗಿದ್ದವು. ಐದನೆಯ ದಿನ ಬೆಳಿಗ್ಗೆ ನಾವೆಲ್ಲ ಆಸೆ ಇಟ್ಟಿದ್ದ ಆ ಹುಡುಗಿ ಮೂರನೆಯ ಸುತ್ತಿನಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಇಷ್ಟು ಕಡಿಮೆ ರಕ್ತದಲ್ಲಿ ಇವಳು ಓಡುತ್ತಿದ್ದದ್ದಾದರೂ ಹೇಗೆ ಎಂದು ನನ್ನನ್ನೇ ಕೇಳಿದರು. ಎರಡು ತಿಂಗಳು ಓಡುವಂತಿಲ್ಲ ಎಂದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡು ಅತ್ತಳು.

“ಆಣಿ ಹಾಕಿದ್ದಕ್ಕ ಬಿದ್ದೆ ಅನಸ್ತದ್ರಿ ಮೇಡಮ್,” ಎಂದಳು ಆಮೇಲೆ. ಅಮ್ಮ ಬೆಂಗಳೂರಿನಲ್ಲಿ, ಅಡುಗೆ ಇವಳದು. ಅಪ್ಪ, ಅಣ್ಣಂದಿರು ಉಂಡು ಉಳಿದರೆ ಊಟ, ಇಲ್ಲದಿದ್ದರೆ ಚಹಾ, ಬನ್ನು. ಓಟ ಮುಗಿಸಿ ಹೋಗಿ ಹೊಲಿದ ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೂಲಿಗೆ ಕೂರುತ್ತಿದ್ದಳು.

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ಫಾರಂನಾಗ ಹಾಲು, ಮೊಟ್ಟಿ, ಹಣ್ಣು, ಬಾದಾಮಿ ಅಂತ ಅಚ್ಚಾಗಿತ್ತಲ್ರಿ. ಚಾ, ಬನ್ನು ಎಲ್ಲಿ ಬರಸ್ಬೇಕಿತ್ರಿ? ತಿನ್ನೋದು ಸರಿ ಇಲ್ಲಂದ್ರ ಟೀಮಿನಿಂದ ತೆಗೀತೀರಿ ಅಂತ ಅಂಜಿಕಿ ಆತು. ಅಜ್ಜಾಗ ಹೇಳಿದ್ದೆ ನೋಡ್ರಿ.”

“ಅಜ್ಜನಿಗೆ ಹೇಳೋಕೆ ಅಂಜಿಕೆ ಇರಲಿಲ್ವಾ?”

“ಅಜ್ಜ ಬರಕೊಳ್ಳಲ್ಲಲ್ರಿ.”

ಬೊಟ್ಟು ಬಿದ್ದ ಏಳು ಹುಡುಗಿಯರ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಇವಳೂ ಸೇರಿ ಆರು ಜನರಿಗೆ ರಕ್ತಹೀನತೆ. ಏಳನೆಯವಳು ಗಟ್ಟಿಯಾಗಿದ್ದಳು. ಅದೊಂದನ್ನು ನಾನು ಇವತ್ತಿಗೂ ಮಾವನಿಗೆ ಎತ್ತಿ ಆಡುತ್ತಿರುತ್ತೇನೆ, ಬಿಡುವವಳಲ್ಲ. ಆದರೆ ಆ ವರ್ಷದ ಆಯ್ಕೆ ಹುಡುಗಿಯ ಕೈತಪ್ಪಿತು. ನಾನೇ ಬೆಂಗಳೂರಿಗೆ ಹೋಗಿ ಅವಳ ಅಮ್ಮನ ಕೈಕಾಲು ಹಿಡಿದು, ಇನ್ನೊಂದು ವರ್ಷದ ಗಡುವು ಪಡೆದು ಬಂದೆ. ‘ಆಹಾರ: ಉತ್ತಮ’ ಎಂದು ಬರೆದ ಕೈ ನನ್ನದೇ ತಾನೇ?

ಆಸ್ಪತ್ರೆಯ ದಿನ ಮಾತ್ರ ಈ ವಿವೇಕ ಇರಲಿಲ್ಲ. ನನ್ನ ಮೇಲಿನ ಸಿಟ್ಟನ್ನೆಲ್ಲ ಹೊತ್ತು ಮನೆಗೆ ಬಂದು ಮಾವನ ಮೇಲೆ ಸುರಿದೆ. ಅವನು ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ.

“ಗೊತ್ತಿದ್ದೋನು ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ?”

“ಹೇಳ್ದೆ. ನೀನು ಬರ್ಕಂತಿದ್ದೆ.”

“ಕಂಡೋರ ಮಕ್ಕಳ ಕಣ್ಣಿಗೆಲ್ಲ ಕೈ ಹಾಕು ಅಂತ ನಿಂಗೆ ಹೇಳ್ದೋರ್ಯಾರು ಮಾವ?”

ಅವನು ಟವೆಲಿನ ಅಂಚು ಸರಿಮಾಡಿಕೊಂಡ.

“ಆವಾಗ ನೂರಿಪ್ಪತ್ತು ಕುರಿ ಇದ್ವು,” ಎಂದ. “ದಿನಾ ಸಂಜೆ ದೊಡ್ಡಿಗೆ ಬಿಡ್ಬೇಕಾದ್ರೆ ಒಂದೊಂದ್ರ ಕಣ್ಣೂ ನೋಡ್ತಿದ್ದೆ. ನಿಮ್ಮವ್ವ ಹೆರಿಗೆಗೆ ಬಂದೋಳು ಅದೇ ದೊಡ್ಡಿ ಮುಂದೆ ಕುಂತಿರೋಳು, ಮೂರು ತಿಂಗ್ಳು. ಸುಸ್ತು ಕಣಣ್ಣ ಅನ್ನೋಳು. ಬಸ್ರಿ ಹೆಂಗ್ಸಿಗೆ ಸುಸ್ತು ಇದ್ದಿದ್ದೇಯ ಅಂದೆ. ಒಂದಿನಾನೂ ಅವ್ಳ ಕಣ್ಣು ನೋಡ್ಲಿಲ್ಲ ಕಣವ್ವ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನ ಮುಂದೆ ನೆಲದ ಮೇಲೆ ಕೂತು, “ನೋಡು ಮಾವ,” ಎಂದು ಮುಖ ಒಡ್ಡಿದೆ.

ಅವನು ನನ್ನ ಗಲ್ಲ ಹಿಡಿದು ಬಾಗಿಲ ಬೆಳಕಿನ ಕಡೆ ತಿರುಗಿಸಿದ. ಒರಟು ಹೆಬ್ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಎಳೆದು ತುಂಬ ಹೊತ್ತು ನೋಡಿದ.

“ಕೆಂಪಗೈತೆ,” ಎಂದ.

ನಂಬಿಕೆ ಸಾಲದೆ ಇನ್ನೊಂದು ಕಣ್ಣನ್ನೂ ನೋಡಿದ.